ಸುಗಂಧಾಳ ಇನ್ನೂರು ಶೇರು

॥ ಶ್ರೀ ವೀತರಾಗಾಯ ನಮಃ ॥

ರಾಯಬಾಗ
೨೮ ಆಗಸ್ಟ್ ೧೯೮೮, ರವಿವಾರ

ಚಿ. ಸೌ. ಸುಗಂಧಾಳಿಗೆ ಅಪ್ಪನ ಆಶೀರ್ವಾದಗಳು.

ನೀನು ಸೊಲ್ಲಾಪುರ ಸುಖವಾಗಿ ಮುಟ್ಟಿದ ಪತ್ರ ಬಂದು ಎಂಟು ದಿನವಾಯಿತು. ಉತ್ತರ ಬರೆಯಿರಿ, ಉತ್ತರ ಬರೆಯಿರಿ ಎಂದು ನಿಮ್ಮವ್ವ ದಿನಕ್ಕೆರಡು ಸಲ ನನ್ನ ತಲೆ ತಿನ್ನುತ್ತಾಳೆ, ತಾನು ಮಾತ್ರ ಒಂದು ಕಾರ್ಡು ಗೀಚುವುದಿಲ್ಲ. ಪಂಚಮಿಗೆ ಬಂದ ಮಗಳು ಎರಡೇ ದಿನಕ್ಕೆ ಹೊರಟು ನಿಂತಳು ಎಂಬ ಸಿಟ್ಟು ಅವಳಿಗೆ ಇನ್ನೂ ಇಳಿದಿಲ್ಲ. ನಿನಗೆಂದು ಕಟ್ಟಿದ ಶೇಂಗಾ ಉಂಡಿ ಡಬ್ಬಿಯಲ್ಲೇ ಉಳಿದಿದ್ದವು. ಕೆಟ್ಟಾವು ಎಂದು ನಾನೇ ತಿಂದೆ. ಅದಕ್ಕೂ ಬೈಸಿಕೊಂಡೆ.

ನಾನು ತಡ ಮಾಡಿದ್ದು ಸುಮ್ಮನೆ ಕುಳಿತು ಅಲ್ಲ, ಮಗಳೇ. ಅಮೃತಾಂಶು ಕೆಮಿಕಲ್ಸಿನ ಬೆನ್ನು ಹತ್ತಿದ್ದೆ. ನಿನಗೆ ಗೊತ್ತಿದ್ದ ಕಥೆಯೇ, ಆದರೆ ನಿವೃತ್ತ ಮಾಸ್ತರನಿಗೆ ಮೊದಲಿನಿಂದ ಹೇಳದಿದ್ದರೆ ಪಾಠ ಮುಂದೆ ಸಾಗುವುದಿಲ್ಲ. ಆರು ವರ್ಷದ ಹಿಂದೆ ನಿಪ್ಪಾಣಿಯ ಹೊರಗೆ ಆ ಫ್ಯಾಕ್ಟರಿ ಎದ್ದಾಗ ಅದರ ಶೇರಿನ ಅರ್ಜಿಯನ್ನು ನಮ್ಮ ಪಡಸಾಲೆಯಲ್ಲಿ ಓದಿ ಅರ್ಥ ಹೇಳಿದವನು ನಾನು. ಸಕ್ಕರೆಯಿಂದ ಆಕ್ಸಾಲಿಕ್ ಆ್ಯಸಿಡ್ ಮಾಡುತ್ತಾರೆ, ಅದು ಅರಿವೆಯ ಕಲೆ ತೆಗೆಯುತ್ತದೆ, ಕಬ್ಬಿಣದ ತುಕ್ಕು ತೆಗೆಯುತ್ತದೆ, ಸಕ್ಕರೆ ನಮ್ಮಲ್ಲಿ ಬೇಕಾದಷ್ಟಿದೆ, ಅರಿವೆಯ ಗಿರಣಿ ಇಚಲಕರಂಜಿಯಲ್ಲಿ ಬೇಕಾದಷ್ಟಿವೆ, ಹಾಗಾದರೆ ಕಂಪನಿ ಮುಳುಗುವುದು ಹೇಗೆ ಎಂದು ಪಾಟಿಯ ಮೇಲೆ ಬರೆದು ತೋರಿಸಿದ್ದೆ. ಗಣಿತದ ಮಾಸ್ತರ ಹೇಳಿದನೆಂದು ಮೂವತ್ತೇಳು ಮನೆಯವರು ಶೇರು ತೆಗೆದುಕೊಂಡರು. ನಾನು ಸಾವಿರ ತೆಗೆದುಕೊಂಡೆ. ಅದರ ಮೇಲೆ, ನಿನ್ನ ಮದುವೆಯಲ್ಲಿ ಇನ್ನೊಂದು ಬಂಗಾರದ ಸರದ ಬದಲು ಇನ್ನೂರು ಶೇರನ್ನು ನಿನ್ನ ಹೆಸರಿಗೆ ಬರೆಸಿಕೊಟ್ಟೆ. ಆಗ ನಿಮ್ಮವ್ವ ಮೂರು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು.

ಈಗ ಕಂಪನಿಯವರು ವಿಸ್ತಾರದ ಮಾತು ಎತ್ತಿದ್ದಾರೆ. ಈಗಿನ ಮೂರುಪಟ್ಟು ಮಾಲು ತೆಗೆಯುವ ಹೊಸ ಪ್ಲಾಂಟ್ ಹಾಕುತ್ತಾರಂತೆ. ಅದಕ್ಕೆ ಬಂಡವಾಳ ಹೆಚ್ಚಿಸುವ ಠರಾವು ವಾರ್ಷಿಕ ಸಭೆಯಲ್ಲಿ ಪಾಸಾಗಬೇಕು. ಪಾಸಾದರೆ ನಮ್ಮ ಒಂದೊಂದು ಶೇರಿಗೂ ಒಂದೊಂದು ಹೊಸ ಶೇರು ಕೊಳ್ಳಲು ಕರೆಯುತ್ತಾರೆ. ಪಡಸಾಲೆಯಲ್ಲಿ ಕೂಡುವ ನಮ್ಮ ರವಿವಾರದ ಮಂಡಳಿಯಲ್ಲಿ ಮೂರು ತಿಂಗಳಿಂದ ಇದೇ ಜಗಳ. ಟೇಲರ್ ಗಂಗಾರಾಮ ವಿಸ್ತಾರದ ಪಕ್ಷ.

"ಮಾಸ್ತರ, ಬೆಳ್ಯಾಕತ್ತಿದ ಕೂಸಿಗೆ ಅಂಗಿ ಒಂದ ಗೇಣ ದೊಡ್ಡದ ಹೊಲೀಬೇಕ್ರಿ. ಈಗ ಬಿಗಿ ಹೊಲದ್ರ ಮುಂದಿನ ವರ್ಷ ಹರೀತೈತಿ" ಎಂದ.

ಮುರಗೆಪ್ಪ ಬಿಡುತ್ತಾನೆಯೇ? ಹತ್ತು ಎಕರೆ ಕಬ್ಬು, ಎರಡು ಎಕರೆ ದ್ರಾಕ್ಷಿ, ಅದಕ್ಕೂ ಮಿಕ್ಕಿದ ನಾಲಿಗೆ. "ಕೂಸು ಬೆಳ್ಯಾಕತ್ತೈತೋ ಬಾತೈತೋ ಮೊದಲ ಮುಟ್ಟಿ ನೋಡಲೇ" ಎಂದ.

ಮುಟ್ಟಿ ನೋಡುವ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನನ್ನ ಚಟ ನಿನಗೆ ಗೊತ್ತೇ ಇದೆ, ಒಂದು ಸಂಶಯ ಹೊಕ್ಕರೆ ಊಟ ಸೇರುವುದಿಲ್ಲ. ಕಳೆದ ಬುಧವಾರ ಮುಂಜಾನೆಯ ಬಸ್ಸಿಗೆ ಚಿಕ್ಕೋಡಿಗೆ ಹೋಗಿ, ಅಲ್ಲಿಂದ ನಿಪ್ಪಾಣಿ ಬಸ್ಸು ಹಿಡಿದು ಫ್ಯಾಕ್ಟರಿಯ ಗೇಟಿಗೇ ಹೋಗಿ ನಿಂತೆ. ವಾಚಮನ್ ಮರಾಠಿಯಲ್ಲಿ ಸಾಹೇಬ ನಾಹೀತ, ಅಂದರೆ ಇಲ್ಲ, ಎಂದ. ನಾನು ಶೇರುದಾರ, ಇದರ ಮಾಲಕರಲ್ಲಿ ಒಬ್ಬ ಎಂದೆ. ಅವನು ಸ್ಟೂಲಿನಿಂದ ಏಳಲೂ ಇಲ್ಲ. "ಅಂಥಾ ಮಾಲಕ್ರು ವಾರಕ್ಕ ನಾಕ ಮಂದಿ ಬರ್ತಾರ್ರಿ" ಎಂದ. ಎಲಾ ಇವನ!

ಗೇಟಿನ ಎದುರಿಗೇ ತಾರವ್ವ ಎಂಬವಳ ಚಹಾದಂಗಡಿ. ಅಲ್ಲಿ ಬೆಂಚಿನ ಮೇಲೆ ಕೂತು, ಮೂರು ತಾಸು, ನಾಲ್ಕು ಕಪ್ಪು ಚಹಾ ಕುಡಿದು, ಒಳಗೆ ಹೋಗುವ ಲಾರಿ, ಹೊರಗೆ ಬರುವ ಲಾರಿ ಎಣಿಸುತ್ತ ಹೋದೆ. ಮೂರನೇ ಕಪ್ಪಿಗೆ ಅವಳು ಸೊಂಟದ ಮೇಲೆ ಕೈಯಿಟ್ಟು ಕೇಳಿಯೇಬಿಟ್ಟಳು.

"ಏನ್ರಿ ಯಜಮಾನ್ರ, ಚಹಾ ಕುಡ್ಯಾಕ ಬಂದೀರೋ, ಲಾರಿ ಎಣಸಾಕ ಬಂದೀರೋ?"

ನಿಜ ಹೇಳಿದೆ. ಅವಳು ನಕ್ಕಳು. "ಅದಕ್ಯಾಕ ಲಾರಿ ಎಣಸ್ತೀರಿ? ನನ್ನ ಕಪ್ಪು ಎಣಸ್ರಿ. ಹ್ವಾದ ವರ್ಷ ಇಪ್ಪತ್ತ ಮಂದಿ ಹಮಾಲರು ಇಲ್ಲೇ ಕೂಡ್ತಿದ್ರು. ಈಗ ಆರ ಮಂದಿ. ಸಕ್ಕರಿ ಚೀಲ ಇಳಸ್ತಾರ, ಮಾಲು ಏರಸೂದಿಲ್ಲ" ಎಂದಳು. ಅಷ್ಟೇ ಅಲ್ಲ, ಅಂಗಡಿಯ ಹಿಂದಿನ ದಿಬ್ಬ ಹತ್ತಿಸಿ ಕಂಪೌಂಡಿನ ಒಳಗೆ ತೋರಿಸಿದಳು. ತಾಡಪತ್ರಿ ಹೊಚ್ಚಿದ ಚೀಲದ ಸಾಲು ಒಂದರ ಹಿಂದೆ ಒಂದು, ಗೋಡೆಯವರೆಗೂ. ಸಾಲಿನ ನಡುವೆ ಮೊಳಕಾಲುದ್ದ ಹುಲ್ಲು. ಮಾಲು ಹೊರಟುಹೋಗುವ ಜಾಗದಲ್ಲಿ ಹುಲ್ಲು ಹೇಗೆ ಬೆಳೆದೀತು? ಅದರ ಆಚೆ, ಹೊಸ ಪ್ಲಾಂಟಿನ ಅಡಿಗಲ್ಲಿಗೆ ಅರಿಷಿಣ ಹಚ್ಚಿ, ಕಾಯಿ ಒಡೆದು ಇಟ್ಟಿದ್ದಾರೆ!

ಇದ್ದ ಮಾಲೇ ಹೋಗುತ್ತಿಲ್ಲ, ಇನ್ನು ಮೂರುಪಟ್ಟು ಮಾಡಿ ಯಾರ ತಲೆಗೆ ಕಟ್ಟುತ್ತಾರೆ? ಈ ಠರಾವು ಬೀಳಲೇಬೇಕು, ಸುಗಂಧಾ. ಬೀಳದಿದ್ದರೆ ನನ್ನ ಪೆನ್ಶನ್ನಿನ ಗಂಟು ಹೋಗುವುದು ದೊಡ್ಡ ಮಾತಲ್ಲ, ಮೂವತ್ತೇಳು ಮನೆಯ ಮುಂದೆ ನನ್ನ ಮಾತು ಹೋಗುತ್ತದೆ. ನಾನು ಸಂತೆಗೆ ಯಾವ ಮುಖ ಹೊತ್ತು ಹೋಗಲಿ?

ಉಪಾಯ ಮುರಗೆಪ್ಪನದು. ಅವನು ಸಹಕಾರಿ ಸಂಘದ ಚುನಾವಣೆ ಹನ್ನೆರಡು ಕಂಡವನು. "ಮಾಸ್ತರ, ಸಭಾದಾಗ ಕೈ ಎಣಸ್ತಾರ. ಒಬ್ಬ ಸಭಾಸದ, ಒಂದ ಕೈ. ಕೈ ಹೆಚ್ಚ ಮಾಡ್ರಿ, ಠರಾವು ಬಿತ್ತಂತ ತಿಳೀರಿ" ಎಂದ. ಮೇ ತಿಂಗಳಲ್ಲೇ ತನ್ನ ಐವತ್ತು ಶೇರು ಒಡೆದು ಹೆಂಡತಿ, ತಮ್ಮ, ಅತ್ತಿಗೆ, ಕೊನೆಗೆ ಎಂಬತ್ತು ವರ್ಷದ ತಾಯಿ ಲಕ್ಕವ್ವನ ಹೆಸರಿಗೂ ಹತ್ತು ಹತ್ತು ಹಾಕಿಸಿಬಿಟ್ಟಿದ್ದಾನೆ. ಅವನನ್ನು ನೋಡಿ ಉಳಿದವರೂ ಹಾಗೇ ಮಾಡಿದರು. ಯಾವುದಕ್ಕೂ ಇರಲಿ ಎಂದು ನಿಮ್ಮವ್ವನ ಹೆಸರಿಗೂ ನಾನು ಆಗಲೇ ಹತ್ತು ಹಾಕಿಸಿದ್ದೆ.

ಇನ್ನು ನಿನ್ನ ಕೈ ಬೇಕು. ಸಭೆ ಸೆಪ್ಟೆಂಬರ್ ೨೯ರ ಗುರುವಾರ, ನಿಪ್ಪಾಣಿಯಲ್ಲಿ ಮದುವೆ ನಡೆಯುವ ಒಂದು ಮಂಗಲ ಕಾರ್ಯಾಲಯದಲ್ಲಿ, ಮಧ್ಯಾಹ್ನ ಹನ್ನೆರಡಕ್ಕೆ. ಹುಡುಗರಿಗೆ ಬುಕ್ ಕೀಪಿಂಗ್ ಕಲಿಸುವ ಆ ನಿನ್ನ ಕಾಲೇಜಿನವರು ಎರಡು ದಿನ ರಜೆ ಕೊಡುವುದಿಲ್ಲವೇ? ಅಳಿಯಂದಿರಾದ ಮಹಾವೀರರಿಗೂ ಬೇರೆ ಪತ್ರ ಬರೆದಿದ್ದೇನೆ. ಠರಾವು, ಬ್ಯಾಲೆನ್ಸ್ ಶೀಟು ಇವುಗಳ ತಲೆಬೇನೆ ನಿನಗೆ ಬೇಡ. ಅದನ್ನೆಲ್ಲ ನಾವು ನೋಡಿಕೊಳ್ಳುತ್ತೇವೆ. ನಾನು ಕೈ ಎತ್ತಿದಾಗ ನೀನೂ ಎತ್ತು, ಸಾಕು.

ನಿಮ್ಮವ್ವ ಮೆಂತೆಹಿಟ್ಟು ಮಾಡಿಟ್ಟಿದ್ದಾಳೆ, ಬಂದಾಗ ಒಯ್ಯಬೇಕಂತೆ. ಕೂಸಿಗೆ ನೆಗಡಿ ಕಡಿಮೆಯಾಯಿತೇ? ತಪ್ಪದೆ ಬರೆ, ತಪ್ಪದೆ ಬಾ.

ನಿನ್ನ ಅಪ್ಪ,
ಬಾಪುಸಾಹೇಬ


॥ ಶ್ರೀ ವೀತರಾಗಾಯ ನಮಃ ॥

ರಾಯಬಾಗ
೪ ಅಕ್ಟೋಬರ್ ೧೯೮೮

ಚಿ. ಸೌ. ಸುಗಂಧಾಳಿಗೆ ಅಪ್ಪನ ಅನೇಕ ಆಶೀರ್ವಾದಗಳು.

ಸಭೆ ಮುಗಿದು ಐದು ದಿನವಾಯಿತು. ಮರುದಿನವೇ ಬರೆಯಬೇಕಿತ್ತು. ಮೂರು ಸಲ ಹಾಳೆ ತೆಗೆದು ಮೂರು ಸಲ ಒಳಗಿಟ್ಟೆ. ನಿನ್ನ ಕಾರ್ಡು ಸಭೆಯ ಹಿಂದಿನ ವಾರವೇ ಬಂದಿತ್ತು. "ಬರಲು ಆಗುವುದಿಲ್ಲ ಅಪ್ಪಾ, ಬಂದರೂ ಉಪಯೋಗವಿಲ್ಲ, ಊಟ ತಿಂಡಿ ಹೊತ್ತಿಗೆ ಸರಿಯಾಗಿ ಮಾಡಿರಿ" ಎಂದು ಮೂರೇ ಸಾಲು. ನಿಜ ಹೇಳಲೇ? ಉಪಯೋಗವಿಲ್ಲ ಎಂಬ ಶಬ್ದ ನೋಡಿ ನನಗೆ ಮೈ ಉರಿದುಹೋಯಿತು. ಹೆತ್ತ ಅಪ್ಪ ಕೈ ಚಾಚಿ ಒಂದು ಕೈ ಕೇಳಿದರೆ ಹೀಗೆ ಬರೆಯುವುದೇ ಎಂದು ಕಾರ್ಡನ್ನು ಗೋಡೆಯ ಮಾಡದೊಳಗೆ ಒಗೆದಿದ್ದೆ.

ಇರಲಿ, ಸಭೆಯ ಸುದ್ದಿ ಹೇಳುತ್ತೇನೆ. ಒಂದು ಟೆಂಪೋ, ಅದರಲ್ಲಿ ನಾವು ಮೂವತ್ತೆರಡು ಮಂದಿ, ಅರ್ಧಕ್ಕೂ ಹೆಚ್ಚು ಹೆಣ್ಣುಮಕ್ಕಳು. ಮುರಗೆಪ್ಪನ ತಾಯಿ ಲಕ್ಕವ್ವನನ್ನು ಮುಂದೆ ಡ್ರೈವರನ ಬಾಜೂಕೆ ಕೂಡಿಸಿದ್ದೆವು. ದಾರಿಯುದ್ದಕ್ಕೂ ಮುರಗೆಪ್ಪ ಆಕೆಗೆ ಪಾಠ ಹೇಳಿಕೊಡುತ್ತಿದ್ದ.

"ಯವ್ವಾ, ವಿರೋಧ ಅಂದಾಗ ಅಷ್ಟ ಕೈ ಎತ್ತಬೇಕು. ಅದಕ್ಕೂ ಮೊದಲ ಎತ್ತಬ್ಯಾಡ."

"ಎತ್ತಂದ್ರ ಎತ್ತೀನಿ, ಇಳಸಂದ್ರ ಇಳಸ್ತೀನಿ. ನನ್ನ ಕೈಗೆ ಏನ್ ಧಾಡಿ ಬಂದೈತಿ?" ಎಂದಳು ಮುದುಕಿ.

ಕಾರ್ಯಾಲಯದ ಬಾಗಿಲಲ್ಲಿ ಒಬ್ಬ ಕಾರಕೂನ ದೊಡ್ಡ ರಜಿಸ್ಟರು ಇಟ್ಟುಕೊಂಡು ಹೆಸರು ನೋಡಿ ಚೀಟಿ ಕೊಡುತ್ತಿದ್ದ. ಒಳಗೆ ಚಹಾ, ಚೂಡಾ, ಒಂದೊಂದು ಬಾಳೆಹಣ್ಣು. ಗಂಗಾರಾಮ ಎರಡು ಸಲ ಚೂಡಾ ತೆಗೆದುಕೊಂಡ. ಚೇರಮನ್ನರು ಬಿಳಿ ಸಫಾರಿ ಹಾಕಿ, ತಾಸುಗಟ್ಟಲೆ ಇಂಗ್ಲಿಷಿನಲ್ಲಿ ಓದಿದರು. ನಾನು ಎದ್ದು ನಿಂತು, ಕಂಪೌಂಡಿನಲ್ಲಿ ಮಾರದೆ ಉಳಿದ ಚೀಲ ಎಷ್ಟು ಎಂದು ಕೇಳಿದೆ. ಅವರು ನಕ್ಕು, "ಮಾಸ್ತರ, ರೇಟು ಏರಿ ಮಾರ್ಕೆಟ್ ತೇಜಿ ಆಗೂದು ಕಾಯಾಕತ್ತೀವ್ರಿ" ಎಂದರು. ಎಷ್ಟು ದಿನದಿಂದ ಕಾಯುತ್ತಿದ್ದೀರಿ, ಹುಲ್ಲು ಮೊಳಕಾಲಿಗೆ ಬಂದಿದೆಯಲ್ಲ ಎಂದೆ. ಸಭೆಯೆಲ್ಲ ಹೋ ಎಂದು ನಕ್ಕಿತು. ನನಗೂ ಹುರುಪು ಬಂತು, ಸುಳ್ಳೇಕೆ ಹೇಳಲಿ.

ಠರಾವಿಗೆ ಬಂತು. ಪರವಾಗಿ ಇಪ್ಪತ್ತೊಂದು ಕೈ ಎದ್ದವು, ಅದರಲ್ಲಿ ನಮ್ಮ ಗಂಗಾರಾಮನದೂ ಒಂದು, ಲಕ್ಕವ್ವನದೂ ಒಂದು. ಮುರಗೆಪ್ಪ ಆಕೆಯ ಕೈ ಹಿಡಿದು ಇಳಿಸಿದ. ವಿರೋಧವಾಗಿ ನಲವತ್ತಾರು! ನಿಮ್ಮವ್ವ ಸೆರಗು ಸಾವರಿಸಿಕೊಂಡು ಎಲ್ಲರಿಗಿಂತ ಎತ್ತರ ಕೈ ಎತ್ತಿದ್ದಳು. ನಾವು ಚಪ್ಪಾಳೆ ಹೊಡೆದೆವು, ಒಬ್ಬ ಸೀಟಿಯನ್ನೂ ಊದಿದ. ಚೇರಮನ್ನರು ಮಾತ್ರ ಗಲಿಬಿಲಿ ಆಗಲಿಲ್ಲ. ಪಕ್ಕದಲ್ಲಿದ್ದ ವಕೀಲರು ಕಿವಿಯಲ್ಲಿ ಏನೋ ಹೇಳಿದರು. ಇವರು ಮೈಕು ಹತ್ತಿರ ಎಳೆದುಕೊಂಡು, "ಈಗ ಚೀಟಿ ಮೇಲೆ ಮತ ತಗೋತೀವ್ರಿ" ಎಂದರು.

ಮುರಗೆಪ್ಪ ಕುರ್ಚಿಯ ಮೇಲೆಯೇ ಹತ್ತಿ ನಿಂತ. "ಕೈ ಎಣಸೀರಿ, ಮುಗೀತು. ಮತ್ತೇನ ಎಣಸ್ತೀರಿ?"

"ಶೇರು ಎಣಸ್ತೀವ್ರಿ ಗೌಡ್ರ. ಇದು ಸಹಕಾರಿ ಸಂಘ ಅಲ್ಲ, ಕಂಪನಿ. ಒಬ್ಬಗ ಒಂದ ಮತ ಅಲ್ಲ, ಒಂದ ಶೇರಿಗೆ ಒಂದ ಮತ. ಕಾಯ್ದೆದಾಗ ಹಂಗ ಐತ್ರಿ."

ಕಾಯ್ದೆಯಲ್ಲಿ ಇರುವುದು ಅದೇ. ಮನೆಗೆ ಬಂದು ವಕೀಲರ ಪುಸ್ತಕ ತರಿಸಿ ಓದಿದೆ. ಮೂವತ್ತೊಂದು ವರ್ಷ ಹುಡುಗರಿಗೆ ಪಾಲು ಲೆಕ್ಕ ಕಲಿಸಿದ ನಾನು ಐವತ್ತು ಶೇರನ್ನು ಐದು ತುಂಡು ಮಾಡಿದರೂ ಐವತ್ತೇ ಎಂಬುದನ್ನು ನೋಡಲಿಲ್ಲ! ಸಹಕಾರಿ ಸಂಘದ ಸಭೆ ನೋಡಿ ನೋಡಿ ನಮ್ಮೆಲ್ಲರ ಕಣ್ಣು ಅದಕ್ಕೇ ಹೊಂದಿಕೊಂಡುಬಿಟ್ಟಿವೆ. ಎಣಿಕೆ ಮುಗಿಯುವ ಹೊತ್ತಿಗೆ ಐದೂವರೆ. ವಿರೋಧ ಹದಿನಾಲ್ಕು ಸಾವಿರದ ಚಿಲ್ಲರೆ, ಪರ ಒಂಬತ್ತು ಲಕ್ಷದ ಮೇಲೆ. ಚೇರಮನ್ನರ ಮನೆಯವರದೇ ಆರು ಲಕ್ಷ. ಠರಾವು ಪಾಸು.

ನೇಮದಂತೆ ಹೊತ್ತು ಮುಳುಗುವ ಮುಂಚೆ ನಿಮ್ಮವ್ವನಿಗೂ ನನಗೂ ಊಟವಾಗಬೇಕು, ಆದರೆ ಆ ದಿನ ಕಟ್ಟಿಕೊಂಡು ಹೋದ ರೊಟ್ಟಿ ಬಿಚ್ಚುವ ಮನಸ್ಸಾಗಲಿಲ್ಲ. ತಿರುಗಿ ಬರುವಾಗ ಟೆಂಪೋದಲ್ಲಿ ನನ್ನನ್ನು ಯಾರೂ ಬೈಯಲಿಲ್ಲ, ಬೈದಿದ್ದರೆ ಚಲೋ ಇತ್ತು. ಚಿಕ್ಕೋಡಿ ದಾಟಿದ ಮೇಲೆ ಲಕ್ಕವ್ವ ಹಿಂದೆ ತಿರುಗಿ, "ಮುರಗ್ಯಾ, ನನ್ನ ಕೈ ಲೆಕ್ಕಕ್ಕ ಬರಲಿಲ್ಲೇನೋ?" ಎಂದು ಕೇಳಿದಳು. ಅವನು ಬಂತು ಬೇ, ಬಂತು ಎಂದ.

ಹೊಸ ಶೇರಿನ ಅರ್ಜಿ ಬರುವ ತಿಂಗಳು ಬರುತ್ತದಂತೆ. ಶೇರಿನ ಬೆಲೆ ಹತ್ತೊಂಬತ್ತು ರೂಪಾಯಿಗೆ ಇಳಿದಿದೆ. ಹೊಸದನ್ನು ಕೊಳ್ಳದೆ ಬಿಟ್ಟರೆ ಹಳೆಯದರ ಪಾಲು ಸಣ್ಣದಾಗುತ್ತದೆ, ಕೊಂಡರೆ ಹುಲ್ಲು ಬೆಳೆದ ಜಾಗಕ್ಕೆ ಇನ್ನಷ್ಟು ಸುರಿದಂತೆ. ಮುರಗೆಪ್ಪ ಬೇಡ ಎನ್ನುತ್ತಾನೆ, ಗಂಗಾರಾಮ ಬೇಕು ಎನ್ನುತ್ತಾನೆ, ಮೂವತ್ತೇಳು ಮನೆಯವರು ಮಾತ್ರ ಇನ್ನೂ ನನ್ನ ಮುಖವನ್ನೇ ನೋಡುತ್ತಾರೆ.

ನಿನಗೂ, ಅಳಿಯಂದಿರಿಗೂ, ಕೂಸಿಗೂ ಭಗವಂತ ಆಯುಷ್ಯ ಆರೋಗ್ಯ ಕೊಡಲಿ. ದೀಪಾವಳಿಗೆ ಬಂದರೆ ನಿಮ್ಮವ್ವ ಈ ಸಲ ನಾಲ್ಕು ದಿನಕ್ಕೆ ಕಡಿಮೆ ಬಿಡುವುದಿಲ್ಲವಂತೆ.

ನಿನ್ನ ಅಪ್ಪ,
ಬಾಪುಸಾಹೇಬ

ತಾ. ಕ.: ಪತ್ರ ಮುಗಿಸಿ ಲಕೋಟೆಗೆ ಅಂಟು ಹಚ್ಚಬೇಕು ಎನ್ನುವಾಗ ಕೈ ತಡೆಯಿತು. ಮೂರು ಸಲ ಹಾಳೆ ಒಳಗಿಟ್ಟೆ ಎಂದೆನಲ್ಲ, ಅದು ಸೋತದ್ದಕ್ಕಲ್ಲ.

ಮತದ ಚೀಟಿ ಹಂಚುವಾಗ, ನೀನು ಬರದಿದ್ದರೂ ನಿನ್ನ ಇನ್ನೂರನ್ನು ಹೇಗಾದರೂ ಸೇರಿಸಲಾದೀತೇ ಎಂದು ಕೇಳಲು ಆ ಕಾರಕೂನನ ಹತ್ತಿರ ಹೋಗಿದ್ದೆ. ಅವನು ರಜಿಸ್ಟರು ತಿರುವಿ, ನಿನ್ನ ಹೆಸರಿನ ಮೇಲೆ ಬೆರಳಿಟ್ಟ. ಕೆಂಪು ಮಸಿಯಲ್ಲಿ ಗೀಟು ಎಳೆದಿತ್ತು. "ಇವ್ರು ಮಾರಿ ಎರಡ ವರ್ಷ ಆಗಾಕ ಬಂತಲ್ರಿ. ಎಂಬತ್ತಾರರ ಡಿಸೆಂಬರದಾಗ. ಆಗ ರೇಟು ನಲವತ್ತೊಂದಿತ್ತು ನೋಡ್ರಿ, ಶ್ಯಾಣ್ಯಾರು ಅವ್ರು" ಎಂದ. ಇವರು ನಿಮಗ ಏನಾಗಬೇಕು ಎಂದೂ ಕೇಳಿದ. ಗುರುತಿನವರು ಎಂದೆ.

ನಾಲ್ಕು ದಿನ ನಿನ್ನ ಮೇಲೆ ಕುದ್ದೆ, ಸುಗಂಧಾ. ನೀನು ಮಾರಿದ್ದಕ್ಕಲ್ಲ. ನಿನ್ನದು, ನೀನು ಮಾರಿದೆ. ಕಂಪನಿ ಮುಳುಗುವುದು ಎರಡು ವರ್ಷ ಮೊದಲೇ ಕಂಡಿದ್ದರೂ ಹೆತ್ತ ಅಪ್ಪನಿಗೆ ಒಂದು ಮಾತು ಹೇಳಲಿಲ್ಲವಲ್ಲ ಎಂದು. ನಿನ್ನೆ ಮಧ್ಯಾಹ್ನ ತಡೆಯಲಾರದೆ ನಿಮ್ಮವ್ವನ ಮುಂದೆ ಕೂಗಾಡಿದೆ. ಅವಳು ಜೋಳ ಹಸನು ಮಾಡುತ್ತಿದ್ದವಳು ಮೊರದಿಂದ ತಲೆ ಎತ್ತಲಿಲ್ಲ.

"ಅಕಿ ಹೇಳಿದ್ದಳಲ್ರಿ. ನೀವ ಅಕಿನ್ನ ಒಳಗ ಕಳಿಸಿದ್ರಿ."

ಆಮೇಲೆ ಎಲ್ಲ ನೆನಪಾಯಿತು. ಎಂಬತ್ತಾರರ ದೀಪಾವಳಿಗೆ ನೀನು ಬಂದಿದ್ದೆ. ರವಿವಾರ, ಪಡಸಾಲೆ ತುಂಬ ಮಂದಿ. ನಾನು ಕಂಪನಿಯ ವರದಿ ಓದಿ, ಮಾರಾಟ ದುಪ್ಪಟ್ಟಾಗಿದೆ ಎಂದು ಪಾಟಿಯ ಮೇಲೆ ಬರೆಯುತ್ತಿದ್ದೆ. ನೀನು ಬಾಗಿಲ ಹತ್ತಿರ ನಿಂತು, "ಅಪ್ಪಾ, ಮಾರಾಟ ದುಪ್ಪಟ್ಟಾದ್ರ ಬರಬೇಕಾದ ಬಾಕಿ ನಾಕಪಟ್ಟ ಆಗೈತಿ. ಮಾಲು ಯಾರಿಗೆ ಮಾರ್ಯಾರ, ರೊಕ್ಕ ಯಾಕ ಬಂದಿಲ್ಲ, ಅದನ್ನ ಮೊದಲ ಕೇಳ್ರಿ" ಎಂದೆ. ಬಿ.ಕಾಂ. ಪಾಸಾದವಳು ಆ ಪಡಸಾಲೆಯಲ್ಲಿ ನೀನೊಬ್ಬಳೇ. ನಾನು ಏನೆಂದೆ? "ನಾಕ ಮಂದಿ ಗಂಡಸರು ಮಾತಾಡೂವಾಗ ನಡುವ ಬಾಯಿ ಹಾಕಬ್ಯಾಡ. ಹೋಗು, ಚಹಾ ತಾ." ಎಲ್ಲರೂ ನಕ್ಕರು. ಮೊದಲು ನಕ್ಕವನು ನಾನು. ನೀನು ಚಹಾ ತಂದಿಟ್ಟು ಹೋದೆ. ಮುಂದಿನ ತಿಂಗಳು ಮಾರಿದೆ.

ಆಗಸ್ಟಿನಲ್ಲಿ ನಿನಗೆ ಬರೆದ ಪತ್ರದಲ್ಲೂ ನಿನ್ನ ಕೈ ಕೇಳಿದೆ, ಬ್ಯಾಲೆನ್ಸ್ ಶೀಟಿನ ತಲೆಬೇನೆ ನಿನಗೆ ಬೇಡ ಎಂದೆ. ಓದಿ ನಿನಗೆ ಏನೆನಿಸಿತೋ! ನಿನ್ನೆಯಿಂದ ನನಗೆ ನಾಚಿಕೆಯಾಗುತ್ತಿದೆ. ನಿನ್ನ ಮಾತು ಕೇಳಿದ್ದರೆ ಉಳಿಯುತ್ತಿದ್ದದ್ದು ನನ್ನ ಗಂಟೊಂದೇ ಅಲ್ಲ.

ದಶಲಕ್ಷಣ ಪರ್ವ ಮುಗಿದ ಮರುದಿನ ಎಲ್ಲರ ಕ್ಷಮೆ ಕೇಳಿ ಕಾರ್ಡು ಹಾಕುವುದು ನಮ್ಮ ಜೈನರ ಪದ್ಧತಿ. ಈ ವರ್ಷವೂ ನೂರು ಕಾರ್ಡು ಛಾಪಿಸಿದ್ದೆ. ಅದರಲ್ಲೊಂದು ನಿನಗೂ ಬಂದಿರಬೇಕು. ತಿಳಿದೋ ತಿಳಿಯದೆಯೋ ನಮ್ಮಿಂದಾದ ತಪ್ಪುಗಳನ್ನು ಕ್ಷಮಿಸಿರಿ ಎಂದು ಛಾಪಿಸಿದ ಸಾಲಿನ ಮೇಲೆ ನಿನ್ನ ಹೆಸರು ಬರೆದದ್ದಷ್ಟೇ ನನ್ನ ಕೆಲಸ. ಆ ಕಾರ್ಡನ್ನು ಹರಿದು ಒಗೆ. ಆ ದೀಪಾವಳಿಯ ರವಿವಾರ ನಾನು ಮಾಡಿದ್ದು ತಿಳಿದೇ ಮಾಡಿದ್ದು. ಅದರ ಕ್ಷಮೆಯನ್ನು ಈಗ ನನ್ನ ಕೈಯಿಂದ ಬರೆದು ಕೇಳುತ್ತಿದ್ದೇನೆ.

ಈ ವರ್ಷದ ವರದಿಯನ್ನು ಇದರ ಜೊತೆ ಇಟ್ಟಿದ್ದೇನೆ. ಎಷ್ಟನೇ ಪುಟದಲ್ಲಿ ಏನು ನೋಡಬೇಕು, ಹೊಸ ಶೇರು ಕೊಳ್ಳಬೇಕೋ, ಇದ್ದದ್ದನ್ನು ಬಂದಷ್ಟಕ್ಕೆ ಮಾರಿಬಿಡಬೇಕೋ, ಒಂದೊಂದಾಗಿ ಬಿಡಿಸಿ ಬರೆ. ನಮಗೆ ತಿಳಿಯುವ ಹಾಗೆ ಬರೆ, ನಾವು ಮಾಸ್ತರು, ಟೇಲರು, ಒಕ್ಕಲಿಗರು. ನಿನ್ನ ಪತ್ರ ಬಂದ ಮುಂದಿನ ರವಿವಾರ ಅದನ್ನು ಪಡಸಾಲೆಯಲ್ಲಿ ಎಲ್ಲರ ಎದುರು ನಿಂತು ಓದುತ್ತೇನೆ. ಬರೆದವರು ಯಾರು ಎಂದು ಕೇಳಿದರೆ, ಈ ಸಲ ಗುರುತಿನವರು ಎನ್ನುವುದಿಲ್ಲ.